ಚಂಡಮಾರುತ ಕಳೆದ ಮೇಲೆ ಕಡಲಿಗೆ ಹೋಗುವ ಮುನ್ನ

ರೈತ ಬಾಂಧವರೇ,

"ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ" ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಕಡಲಿನ ಮಾತಿಗೆ ಈ ಗಾದೆ ಬಹಳ ಚೆನ್ನಾಗಿ ಹೊಂದುತ್ತದೆ. ಗಾಳಿ ನಿಂತ ಮೇಲೂ ಕಡಲು ಕೂಡಲೇ ನಿಲ್ಲುವುದಿಲ್ಲ. ಆಕಾಶ ತಿಳಿಯಾಗಿ ಬಿಸಿಲು ಬಿದ್ದ ದಿನವೇ ಕಡಲಿಗಿಳಿದು ಅಪಾಯಕ್ಕೆ ಸಿಕ್ಕಿಕೊಂಡವರು ಉಂಟು. ಆದುದರಿಂದ ಈ ಸಲದ ಪಾಠದಲ್ಲಿ ಚಂಡಮಾರುತ ಕಳೆದ ಮೇಲೆ ಕಡಲ ತೀರ ಹೇಗಿರುತ್ತದೆ, ಅಂಥ ಸಮಯದಲ್ಲಿ ಪ್ರವಾಸವನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು ಎಂಬ ಎರಡು ವಿಷಯಗಳನ್ನು ತಿಳಿದುಕೊಳ್ಳೋಣ. ಓದು ಬಾರದವರಿಗೆ ಓದು ಬಲ್ಲವರು ಇದನ್ನು ಓದಿ ಹೇಳಬೇಕಾಗಿ ಕೋರಿಕೆ.

೧. ನಮಗೇಕೆ ಕಡಲಿನ ಪಾಠ?

ಕೆಂಗೇರಿ ಉಪನಗರದ ಸುತ್ತಿನ ನಮ್ಮ ಹಳ್ಳಿಗಳಿಂದ ಕಡಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮದು ಕೆರೆಯ ಸೀಮೆ. ಕೊಮ್ಮಘಟ್ಟದ ಕೆರೆ, ಸೂಲಿಕೆರೆಯ ಕೆರೆ ನಮಗೆ ಗೊತ್ತು, ಅಲೆ ಗೊತ್ತಿಲ್ಲ. "ಹೀಗಿರುವಲ್ಲಿ ಕಡಲಿನ ಪಾಠ ನಮಗೇಕೆ?" ಎಂದು ನೀವು ಕೇಳಬಹುದು.

ಕಾರಣ ಇಷ್ಟೇ. ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಊರಿನವರು ಒಟ್ಟಾಗಿ ಬಸ್ಸು ಗೊತ್ತುಮಾಡಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಮುರುಡೇಶ್ವರ, ಗೋಕರ್ಣಗಳಿಗೆ ಹೋಗಿಬರುವುದು ನಮ್ಮಲ್ಲಿ ರೂಢಿ. ಶಾಲೆಯ ಮಕ್ಕಳ ಪ್ರವಾಸವೂ ಹೆಚ್ಚಾಗಿ ಅದೇ ಕಾಲದಲ್ಲಿ. ದೇವರ ದರ್ಶನವಾದ ಮೇಲೆ ಎಲ್ಲರ ಆಸೆಯೂ ಒಂದೇ: "ಕಡಲು ನೋಡಬೇಕು, ಅಲೆಯಲ್ಲಿ ನಿಲ್ಲಬೇಕು."

ಈಗ ಇನ್ನೊಂದು ಲೆಕ್ಕ ನೋಡಿ. ನಮ್ಮ ದೇಶದ ಎರಡೂ ಕಡಲುಗಳಲ್ಲಿ ಚಂಡಮಾರುತ ಏಳುವ ಕಾಲ ವರ್ಷಕ್ಕೆ ಎರಡು. ಮುಂಗಾರಿಗೆ ಮೊದಲು ಏಪ್ರಿಲಿನಿಂದ ಜೂನ್‌ವರೆಗೆ ಒಂದು. ಮುಂಗಾರು ಹಿಂದಿರುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಮೊದಲನೆಯದು ಮಕ್ಕಳ ಬೇಸಿಗೆ ರಜೆಯ ಕಾಲ. ಎರಡನೆಯದು ನಮ್ಮ ರಾಗಿ ಕೊಯ್ಲಿನ ಕಾಲ. ಎಂದರೆ, ನಮಗೆ ಬಿಡುವು ಸಿಗುವ ದಿನಗಳೂ ಕಡಲು ಕೆರಳುವ ದಿನಗಳೂ ಒಂದೇ ಆಗಿವೆ.

೨. ನಾನು ಕಲಿತ ಪಾಠ

ಬೇಸಾಯದ ಡಿಪ್ಲೊಮಾ ಓದುತ್ತಿದ್ದಾಗ ನಾವು ಹತ್ತು ಮಂದಿ ಗೆಳೆಯರು ಕರಾವಳಿಗೆ ಹೋಗಿದ್ದೆವು. ಎರಡು ದಿನದ ಹಿಂದೆ ದೂರದ ಕಡಲಿನಲ್ಲಿ ಚಂಡಮಾರುತ ಹಾದುಹೋಗಿತ್ತು. ನಾವು ಹೋದ ದಿನ ಎಲೆ ಅಲುಗದಷ್ಟು ಗಾಳಿ ಕಡಿಮೆ, ಬಿಸಿಲು ಹಿತವಾಗಿತ್ತು. ಕೆರೆಯಲ್ಲಿ ಈಜು ಕಲಿತವನೆಂಬ ಜಂಬ ನನಗೆ. ಅಲೆಗಳು ಎಡಕ್ಕೂ ಬಲಕ್ಕೂ ನೊರೆಯೆದ್ದು ಒಡೆಯುತ್ತಿದ್ದವು. ನಡುವೆ ಒಂದು ಜಾಗದಲ್ಲಿ ಮಾತ್ರ ನೀರು ನುಣ್ಣಗಿತ್ತು. ಅದೇ ಒಳ್ಳೆಯ ಜಾಗವೆಂದು ಬಗೆದು ಅಲ್ಲಿಯೇ ಇಳಿದೆ. ಮೊಣಕಾಲಿನ ನೀರು ನೋಡನೋಡುತ್ತ ಸೊಂಟಕ್ಕೆ ಬಂತು. ಕಾಲ ಕೆಳಗಿನ ಮರಳು ಜಾರಿತು. ಎಷ್ಟು ಈಜಿದರೂ ದಡ ಹಿಂದೆ ಹಿಂದೆ ಸರಿಯಿತು.

ಅಲ್ಲಿ ಬಲೆ ಸರಿಮಾಡುತ್ತಿದ್ದ ವಯಸ್ಸಾದ ಬೆಸ್ತರೊಬ್ಬರು ಕೈ ಬೀಸಿ, ದಡದತ್ತ ಅಲ್ಲ, ಪಕ್ಕಕ್ಕೆ ಈಜು ಎಂದು ಕೂಗಿದರು. ಹಗ್ಗ ಕಟ್ಟಿದ ಖಾಲಿ ಡಬ್ಬವನ್ನು ಎಸೆದು ಎಳೆದುಕೊಂಡರು. ಮರಳ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದ ನನಗೆ ಅವರು ಹೇಳಿದ್ದು ಒಂದೇ ಮಾತು: "ಇದು ಕೆರೆ ಅಲ್ಲ ಮಾರಾಯ, ಕಡಲು. ಗಾಳಿ ನಿಂತಿದೆ, ಕಡಲು ಇನ್ನೂ ನಿಂತಿಲ್ಲ."

ಆ ಮಾತಿನ ಅರ್ಥವನ್ನು ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

೩. ಗಾಳಿ ನಿಂತರೂ ಕಡಲು ಏಕೆ ನಿಲ್ಲುವುದಿಲ್ಲ?

ನಿಂತ ಕೆರೆಗೆ ಒಂದು ಕಲ್ಲೆಸೆಯಿರಿ. ಕಲ್ಲು ಕೂಡಲೇ ಮುಳುಗಿಹೋಗುತ್ತದೆ. ಆದರೆ ಅದು ಎಬ್ಬಿಸಿದ ಅಲೆ ಸ್ವಲ್ಪ ಹೊತ್ತಿನ ಮೇಲೆ ಏರಿಯನ್ನು ಮುಟ್ಟುತ್ತದೆ. ಚಂಡಮಾರುತವೂ ಹಾಗೆಯೇ. ಗಾಳಿಯ ವೇಗ ಗಂಟೆಗೆ ೬೨ ಕಿಲೋಮೀಟರ್ ಮುಟ್ಟಿದಾಗ ಹವಾಮಾನ ಇಲಾಖೆಯವರು ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತಾರೆ. ಅಂಥ ಗಾಳಿ ಹಗಲಿರುಳು ನೀರನ್ನು ತಳ್ಳಿದಾಗ ಎದ್ದ ದೊಡ್ಡ ಅಲೆಗಳು ನೂರಾರು, ಕೆಲವು ಸಲ ಸಾವಿರಾರು ಕಿಲೋಮೀಟರ್ ಸಾಗುತ್ತವೆ. ಗಾಳಿಯು ಬೇರೆಲ್ಲಿಗೋ ಹೋಗಿ ಕರಗಿದರೂ ಅಲೆಗಳು ತಮ್ಮ ದಾರಿ ಬಿಡುವುದಿಲ್ಲ. ಇವನ್ನು ಉಬ್ಬಲೆ ಎನ್ನೋಣ. ನಡುಗಡಲಿನಲ್ಲಿ ಇವು ಅಷ್ಟಾಗಿ ಕಾಣುವುದಿಲ್ಲ. ದಡದ ಹತ್ತಿರ ಆಳ ಕಡಿಮೆಯಾದೊಡನೆ ಎದ್ದು ನಿಂತು ಒಡೆಯುತ್ತವೆ.

ಕೇರಳದ ಬೆಸ್ತರು ಇಂಥ ಅಲೆಗೆ "ಕಳ್ಳಕ್ಕಡಲ್" ಎನ್ನುತ್ತಾರೆ, ಎಂದರೆ ಕಳ್ಳ ಕಡಲು. ಗಾಳಿಯ ಸುಳಿವೇ ಇಲ್ಲದೆ ಕಳ್ಳನಂತೆ ಬರುವುದರಿಂದ ಈ ಹೆಸರು. ೨೦೧೨ರಲ್ಲಿ ಯುನೆಸ್ಕೋ ಸಂಸ್ಥೆ ಈ ಹೆಸರನ್ನು ಒಪ್ಪಿಕೊಂಡಿತು. ವಿದ್ವಾಂಸರು ಕೂಡ ಬೆಸ್ತರ ಮಾತನ್ನೇ ಬಳಸುವಂತಾಯಿತು ಎಂಬುದು ಸಂತೋಷದ ಸಂಗತಿ.

ಮೂರು ಉದಾಹರಣೆಗಳನ್ನು ನೋಡಿ.

ಮೊದಲನೆಯದು ಓಖಿ. ೨೦೧೭ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಬಲಿತ ಈ ಚಂಡಮಾರುತ ಲಕ್ಷದ್ವೀಪದ ಕಡೆ ಹಾದು ಗುಜರಾತಿನತ್ತ ಹೋಯಿತು. ನಮ್ಮ ಕರಾವಳಿಯ ನೆಲವನ್ನು ಅದು ಮುಟ್ಟಲೇ ಇಲ್ಲ. ಆದರೂ ಡಿಸೆಂಬರ್ ಮೊದಲ ದಿನಗಳಲ್ಲಿ ಉಳ್ಳಾಲ, ಸೋಮೇಶ್ವರದ ಕಡೆ ಕಡಲು ಉಕ್ಕಿ ದಡವನ್ನು ಕೊರೆಯಿತು.

ಎರಡನೆಯದು ತೌಕ್ತೆ. ಬರ್ಮಾ ದೇಶದವರು ಕೊಟ್ಟ ಹೆಸರು. ಹಲ್ಲಿ ಎಂದು ಅರ್ಥ. ೨೦೨೧ರ ಮೇ ತಿಂಗಳ ನಡುವೆ ಇದು ನಮ್ಮ ಕರಾವಳಿಗೆ ಸಮನಾಗಿ ಉತ್ತರಕ್ಕೆ ಸಾಗಿ ಮೇ ೧೭ರ ರಾತ್ರಿ ಗುಜರಾತಿನ ದಡವನ್ನು ಹೊಕ್ಕಿತು. ಆ ಹೊತ್ತಿಗೆ ನಮ್ಮ ಕರಾವಳಿಯನ್ನು ದಾಟಿ ಅದು ಬಹುದೂರ ಹೋಗಿತ್ತು. ಆದರೆ ಮೂಲ್ಕಿಯ ಬಳಿ ಕಡಲಿನ ಬಂಡೆಗಳಿಗೆ ಸಿಕ್ಕಿಕೊಂಡಿದ್ದ ಒಂದು ಟಗ್ ದೋಣಿಯ ಒಂಬತ್ತು ಮಂದಿಯನ್ನು ಪಾರುಮಾಡಲು ಅದೇ ಮೇ ೧೭ರಂದು ಕರಾವಳಿ ರಕ್ಷಣಾ ಪಡೆ, ನೌಕಾಪಡೆಗಳು ಸೇರಿ ಹೆಲಿಕಾಪ್ಟರ್ ತರಬೇಕಾಯಿತು. ಪಳಗಿದ ನಾವಿಕರ ಪಾಡೇ ಹೀಗಾದರೆ ಕೆರೆಯ ಈಜುಗಾರರ ಗತಿ ಏನು?

ಮೂರನೆಯದು ಫೆಂಗಲ್. ಇದು ನಮ್ಮ ಪಶ್ಚಿಮದ ಕಡಲಿನದಲ್ಲ. ಪೂರ್ವದ ಬಂಗಾಳ ಕೊಲ್ಲಿಯದು. ೨೦೨೪ರ ನವೆಂಬರ್ ೩೦ರಂದು ಪುದುಚೇರಿಯ ಬಳಿ ದಡ ಸೇರಿ, ಬಲ ಕುಂದಿ, ಒಳನಾಡಿನ ಮೇಲೆ ನಡೆದು ಬಂತು. ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದೇ ದಿನ ಸುಮಾರು ೫೦ ಸೆಂಟಿಮೀಟರ್ ಮಳೆ ಸುರಿಯಿತು. ನಮ್ಮಲ್ಲಿಯೂ ಜಡಿಮಳೆ ಹಿಡಿಯಿತು. ಡಿಸೆಂಬರ್ ೩ರಂದು ದಕ್ಷಿಣ ಕನ್ನಡದಲ್ಲಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಇದರಿಂದ ತಿಳಿದುಬರುವುದೇನೆಂದರೆ, ಮದರಾಸಿನ ಕಡೆಯ ಚಂಡಮಾರುತವೆಂದು ಉದಾಸೀನ ಮಾಡಿ ಮಂಗಳೂರಿಗೆ ಹೊರಡುವುದು ಸರಿಯಲ್ಲ.

೪. ಕಡಲ ಕೋಡಿ

ನನ್ನನ್ನು ಎಳೆದುಕೊಂಡು ಹೋದದ್ದು ಯಾವುದು? ಅದನ್ನು ಸೆಳವು ಎನ್ನುತ್ತಾರೆ. ರೈತರಾದ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ.

ಹೊಲದಲ್ಲಿ ಜೋರು ಮಳೆಯ ನೀರು ತುಂಬಿದಾಗ ಅದು ಬದುವಿನ ಉದ್ದಕ್ಕೂ ಹರಿದು, ಎಲ್ಲಿ ಬದು ತಗ್ಗಾಗಿದೆಯೋ ಅಲ್ಲಿ ಒಟ್ಟಾಗಿ ನುಗ್ಗುತ್ತದೆಯಲ್ಲವೇ? ಕಡಲಿನಲ್ಲಿಯೂ ಹಾಗೆಯೇ. ಅಲೆಗಳು ಒಂದರ ಮೇಲೊಂದು ನೀರನ್ನು ದಡಕ್ಕೆ ತಂದು ಸುರಿಯುತ್ತವೆ. ಆ ನೀರು ಹಿಂದಕ್ಕೆ ಹೋಗಲೇಬೇಕು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನೊಳಗೆ ಮರಳಿನ ದಿಣ್ಣೆಗಳಿರುತ್ತವೆ. ಇವೇ ಕಡಲಿನ ಬದು. ದಿಣ್ಣೆ ಒಡೆದ ಜಾಗವೇ ಕಡಲಿನ ಕೋಡಿ. ಹಿಂದಿರುಗುವ ನೀರೆಲ್ಲ ಆ ಕೋಡಿಯಲ್ಲಿ ನುಗ್ಗಿ ಕಡಲಿಗೆ ಓಡುತ್ತದೆ.

ಕೆರೆಯ ಕೋಡಿಯ ಮುಂದೆ ನೀರು ನುಣ್ಣಗೆ ಕಾಣುವುದನ್ನು ನೋಡಿದ್ದೀರಿ. ಸೆಳೆತ ಇರುವುದು ಅಲ್ಲಿಯೇ. ಕಡಲಿನಲ್ಲಿಯೂ ಎರಡು ಕಡೆ ನೊರೆಯೆದ್ದು, ನಡುವೆ ಅಲೆ ಒಡೆಯದೆ ನುಣ್ಣಗಿರುವ ಜಾಗ ಕಂಡರೆ ಅದು ಸೆಳವಿರಬಹುದೆಂದು ತಿಳಿಯಬೇಕು. ನೀರಿನ ಬಣ್ಣ ಅಲ್ಲಿ ಕಪ್ಪಾಗಿ ಅಥವಾ ಮರಳು ಕದಡಿ ಮಣ್ಣಾಗಿ ಕಾಣಬಹುದು. ನೊರೆ, ಕಸಕಡ್ಡಿ ಕಡಲ ಕಡೆಗೆ ತೇಲಿಹೋಗುತ್ತಿರಬಹುದು. ದೂರದ ಬೆಟ್ಟ ನುಣ್ಣಗೆ ಎಂಬಂತೆ ಇಲ್ಲಿ ನುಣ್ಣಗೆ ಕಂಡ ನೀರೇ ಮೋಸ.

ಚಂಡಮಾರುತದ ಅಲೆಗಳು ದಡದ ಮರಳನ್ನು ಕೊಚ್ಚಿಕೊಂಡು ಹೋಗಿ ಹೊಸ ಜಾಗಗಳಲ್ಲಿ ದಿಣ್ಣೆ ಕಟ್ಟುತ್ತವೆ, ಹಳೆಯ ದಿಣ್ಣೆಗಳನ್ನು ಒಡೆಯುತ್ತವೆ. ಹೋದ ವರ್ಷ ಮೊಣಕಾಲು ನೀರಿದ್ದ ಕಡೆ ಈ ವರ್ಷ ಆಳೆತ್ತರದ ಗುಂಡಿ ಇರಬಹುದು. "ನಾವು ಇಲ್ಲಿಗೆ ಹಿಂದೆ ಬಂದಿದ್ದೆವು, ಜಾಗ ಗೊತ್ತು" ಎಂಬ ಮಾತಿಗೆ ಚಂಡಮಾರುತದ ನಂತರ ಬೆಲೆಯಿಲ್ಲ.

ಸೆಳವಿಗೆ ಸಿಕ್ಕಿದವರು ಮಾಡಬೇಕಾದುದು:

(ಅ) ಗಾಬರಿಯಾಗಿ ದಡದ ಕಡೆಗೆ ನೇರ ಈಜಬಾರದು. ಎಂಥ ಈಜುಗಾರನೂ ಸೋತುಹೋಗುತ್ತಾನೆ.

(ಆ) ಸೆಳವು ಅಗಲದಲ್ಲಿ ಚಿಕ್ಕದು. ದಡಕ್ಕೆ ಸಮನಾಗಿ, ಪಕ್ಕಕ್ಕೆ ಈಜಿ ಅದರಿಂದ ಹೊರಬಿದ್ದು, ಆಮೇಲೆ ಅಲೆ ಒಡೆಯುವ ಕಡೆಯಿಂದ ದಡಕ್ಕೆ ಬರಬೇಕು.

(ಇ) ಈಜಲಾಗದಿದ್ದರೆ ಮಲಗಿದಂತೆ ತೇಲುತ್ತ ಒಂದು ಕೈ ಎತ್ತಿ ಕೂಗಬೇಕು. ಸೆಳವು ನೀರಿನ ಅಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸ್ವಲ್ಪ ದೂರದಲ್ಲಿ ಅದರ ಬಲ ಕುಂದುತ್ತದೆ.

ದಡದಲ್ಲಿದ್ದವರು ಮಾಡಬೇಕಾದುದು: ಹಿಂದೆಯೇ ನೀರಿಗೆ ಹಾರಕೂಡದು. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಉದ್ದನೆಯ ಬಟ್ಟೆ, ಯಾವುದು ಸಿಕ್ಕರೆ ಅದನ್ನು ಎಸೆಯಬೇಕು. ಕಾವಲಿನವರನ್ನು ಕೂಗಬೇಕು, ೧೧೨ಕ್ಕೆ ಫೋನು ಮಾಡಬೇಕು. ಮೇಲಕ್ಕೆ ತಂದವರಿಗೆ ಉಸಿರಿಲ್ಲದಿದ್ದರೆ ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತುವುದು ಇವೆಲ್ಲ ತಪ್ಪು. ಅಂಗಾತ ಮಲಗಿಸಿ, ಬಾಯಿಯಿಂದ ಉಸಿರು ಊದಿ, ಎದೆಯ ನಡುವೆ ಒತ್ತುವ ಕ್ರಮವನ್ನು ಕೂಡಲೇ ಆರಂಭಿಸಬೇಕು. ಇದನ್ನು ಬಲ್ಲವರನ್ನು ಕರೆಸಿ ಯುವಕ ಮಂಡಲದವರು ಒಮ್ಮೆ ಕಲಿತುಕೊಂಡರೆ ನಮ್ಮ ಕೆರೆ ಬಾವಿಗಳ ಬಳಿಯೂ ಅದು ಉಪಯೋಗಕ್ಕೆ ಬರುತ್ತದೆ.

೫. ಮರೆಯಬಾರದ ಒಂದು ದಿನ

೨೦೨೪ರ ಡಿಸೆಂಬರ್ ೧೦ರಂದು ಮುರುಡೇಶ್ವರದ ಕಡಲಿನಲ್ಲಿ ನಾಲ್ವರು ಶಾಲಾ ಬಾಲಕಿಯರು ತೀರಿಕೊಂಡರು. ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ಮಕ್ಕಳು. ನಮ್ಮ ಮಕ್ಕಳ ಹಾಗೆ ಕೆರೆಯ ಸೀಮೆಯಲ್ಲಿ ಬೆಳೆದವರು. ಅದು ಚಂಡಮಾರುತದ ದಿನವಲ್ಲ. ಬಿರುಗಾಳಿಯಿಲ್ಲದ ದಿನವೇ ಕಡಲು ಇಷ್ಟು ಮಾಡಬಲ್ಲದಾದರೆ, ಕೆರಳಿ ಇನ್ನೂ ತಣಿಯದ ಕಡಲಿನ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ನೀವೇ ಯೋಚಿಸಿರಿ. ಆ ಬಳಿಕ ಅಲ್ಲಿ ಕೆಲಕಾಲ ಕಡಲಿಗಿಳಿಯುವುದನ್ನೇ ನಿಲ್ಲಿಸಲಾಗಿತ್ತು.

ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಮೇಷ್ಟರನ್ನು ಕೇಳಲು ಸಂಕೋಚಪಡಬಾರದು. "ಕಡಲಿಗೆ ಕರೆದೊಯ್ಯುತ್ತೀರಾ? ನೀರಿಗೆ ಇಳಿಸುತ್ತೀರಾ? ಅಲ್ಲಿ ಕಾವಲಿನವರು ಇರುವರೇ? ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು?" ಈ ನಾಲ್ಕು ಪ್ರಶ್ನೆ ಕೇಳುವುದು ಜಗಳವಲ್ಲ, ಜವಾಬ್ದಾರಿ.

೬. ತೀರದ ಮೇಲಿನ ಇತರ ಅಪಾಯಗಳು

ನೀರಿಗೆ ಇಳಿಯದೆ ಮರಳಿನ ಮೇಲೆ ನಡೆಯುವವರೂ ಕೆಲವು ಸಂಗತಿ ತಿಳಿದಿರಬೇಕು.

ಅಲೆ ಕೊರೆದ ಕಡೆ ಮರಳು ಗೋಡೆಯಂತೆ ಕಡಿದಾಗಿ ನಿಂತಿರುತ್ತದೆ. ಅದರ ಅಂಚಿನಲ್ಲಿ ನಿಲ್ಲಬಾರದು, ಬುಡದಲ್ಲಿ ಮಕ್ಕಳನ್ನು ಆಡಲು ಬಿಡಬಾರದು; ಒಮ್ಮೆಲೇ ಕುಸಿಯುತ್ತದೆ. ಬೇರು ಹೊರಬಿದ್ದ ತೆಂಗಿನ ಮರ, ಜೋತುಬಿದ್ದ ವಿದ್ಯುತ್ ತಂತಿ, ಇವುಗಳಿಂದ ದೂರವಿರಬೇಕು. ಮರಳಿನಲ್ಲಿ ಒಡೆದ ಗಾಜು, ಮೊಳೆ, ಹರಿದ ಬಲೆ ಹೂತಿರುತ್ತವೆ; ಬರಿಗಾಲಿನಲ್ಲಿ ನಡೆಯುವುದು ಒಳ್ಳೆಯದಲ್ಲ. ದಡಕ್ಕೆ ಬಿದ್ದ ಜೆಲ್ಲಿ ಮೀನು ಸತ್ತಂತೆ ಕಂಡರೂ ಮುಟ್ಟಿದರೆ ಉರಿಯುತ್ತದೆ.

ಹೊಳೆಗಳು ಕಡಲು ಸೇರುವ ಅಳಿವೆಯ ಬಳಿ ನೀರು ಕೆಂಪಾಗಿರುತ್ತದೆ. ಊರುಗಳ ಕೊಳೆಯೆಲ್ಲ ಮಳೆನೀರಿನೊಡನೆ ಅಲ್ಲಿಗೆ ಬಂದಿರುತ್ತದೆ. ನಮ್ಮ ವೃಷಭಾವತಿ ಮಳೆಯ ಮರುದಿನ ಹೇಗಿರುತ್ತದೆಂದು ಬಲ್ಲ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಥ ನೀರಿನಲ್ಲಿ ಸ್ನಾನ ಮಾಡಕೂಡದು.

ತೇಲಿಬಂದ ಪೀಪಾಯಿ, ಡಬ್ಬ, ಪೆಟ್ಟಿಗೆಗಳನ್ನು ಮುಟ್ಟಬಾರದು. ೨೦೨೫ರ ಮೇ ೨೫ರಂದು ಕೊಚ್ಚಿಯ ಬಳಿ ಒಂದು ಸರಕು ಹಡಗು ಮುಳುಗಿದಾಗ ಅದರ ಪೆಟ್ಟಿಗೆಗಳು ಕೇರಳದ ದಡಕ್ಕೆ ಬಂದವು. ಕೆಲವುದರಲ್ಲಿ ಅಪಾಯಕರ ರಾಸಾಯನಿಕಗಳಿದ್ದುದರಿಂದ ಹತ್ತಿರ ಹೋಗಬೇಡಿರೆಂದು ಸರ್ಕಾರ ಸಾರಿ ಹೇಳಬೇಕಾಯಿತು.

ಉಬ್ಬರ ಇಳಿತಗಳ ಲೆಕ್ಕವನ್ನೂ ತಿಳಿಯಿರಿ. ಸುಮಾರು ಆರು ಗಂಟೆಗೊಮ್ಮೆ ಕಡಲು ಏರುತ್ತದೆ, ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಏರು ಹೆಚ್ಚು. ಇಳಿತದಲ್ಲಿ ಬಂಡೆಯ ಮೇಲೆ ಹೋಗಿ ಕುಳಿತವರಿಗೆ ಉಬ್ಬರದಲ್ಲಿ ದಾರಿ ಮುಚ್ಚಿಹೋಗುತ್ತದೆ. ಚಂಡಮಾರುತದ ಉಬ್ಬಲೆಯೂ ಹುಣ್ಣಿಮೆಯ ಉಬ್ಬರವೂ ಕೂಡಿದ ದಿನ ಬಂಡೆಗಳ ಹತ್ತಿರ ಸುಳಿಯಲೇಬಾರದು.

೭. ಕಡಲಿಗೂ ಹದ ಬರಬೇಕು

"ಹಾಗಾದರೆ ಎಷ್ಟು ದಿನ ಕಾಯಬೇಕು?" ಎಂಬುದು ಸಹಜವಾದ ಪ್ರಶ್ನೆ. ಮಳೆ ಬಿದ್ದ ಮರುದಿನವೇ ನೀವು ಹೊಲಕ್ಕೆ ನೇಗಿಲು ಹೂಡುವುದಿಲ್ಲ. ದಿನ ಎಣಿಸುವುದೂ ಇಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುತ್ತೀರಿ. ಕಡಲಿನ ಹದವನ್ನೂ ಹಾಗೆಯೇ ಗುರುತುಗಳಿಂದ ನೋಡಬೇಕು.

ಮೊದಲನೆಯ ಗುರುತು, ಎಚ್ಚರಿಕೆ. ಹವಾಮಾನ ಇಲಾಖೆಯವರು ಜಿಲ್ಲೆವಾರು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತಾರೆ. ಹಸಿರೆಂದರೆ ಎಚ್ಚರಿಕೆಯಿಲ್ಲ, ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿ. ಆದರೆ ಇದು ಮಳೆ ಗಾಳಿಯ ಮಾತು. ಅಲೆಯ ಎಚ್ಚರಿಕೆ ಬೇರೆ. ಅದನ್ನು ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಕೇಂದ್ರದವರು ಕೊಡುತ್ತಾರೆ. ಮಳೆಗೆ ಹಸಿರು ಬಣ್ಣವಿದ್ದರೂ ಅಲೆಗೆ ಎಚ್ಚರಿಕೆ ಇರಬಹುದೆಂಬುದನ್ನು ಮರೆಯಬಾರದು. ಎರಡನ್ನೂ ನೋಡಬೇಕು.

ಎರಡನೆಯ ಗುರುತು, ದೋಣಿಗಳು. ಬೆಸ್ತರಿಗಿಂತ ಚೆನ್ನಾಗಿ ಕಡಲನ್ನು ಬಲ್ಲವರಿಲ್ಲ. ಮೀನುಗಾರಿಕೆಯ ಕಾಲದಲ್ಲಿಯೂ ಅವರು ದೋಣಿಗಳನ್ನು ಮರಳಿನ ಮೇಲಕ್ಕೆ ಎಳೆದಿಟ್ಟಿದ್ದರೆ ಕಡಲಿಗೆ ಹದ ಬಂದಿಲ್ಲವೆಂದೇ ಅರ್ಥ. ಜೂನ್, ಜುಲೈಗಳಲ್ಲಿ ಯಂತ್ರದ ದೋಣಿಗಳಿಗೆ ೬೧ ದಿನ ನಿಷೇಧವಿರುವುದರಿಂದ ಆಗ ಈ ಗುರುತು ಸಿಗದು. ಮುಂಗಾರಿನ ಆ ಕಾಲದಲ್ಲಿ ನೀರಿಗಿಳಿಯುವ ಮಾತೇ ಬೇಡ.

ಮೂರನೆಯ ಗುರುತು, ಬಾವುಟ ಮತ್ತು ಕಾವಲಿನವರು. ಕೆಂಪು ಬಾವುಟವಿದ್ದಲ್ಲಿ ನೀರಿಗಿಳಿಯಕೂಡದು. ಕಾವಲಿನವರಿಲ್ಲದ ತೀರದಲ್ಲಿ ಬಾವುಟವಿಲ್ಲವೆಂದು ಧೈರ್ಯ ಮಾಡುವುದೂ ತಪ್ಪು. ಪಡುಬಿದ್ರಿ, ಹೊನ್ನಾವರದ ಕಾಸರಕೋಡು ತೀರಗಳಿಗೆ ೨೦೨೦ರಲ್ಲಿ "ನೀಲಿ ಬಾವುಟ" ಎಂಬ ಮನ್ನಣೆ ದೊರೆಯಿತು. ಅದು ಶುಚಿತ್ವ, ಸೌಕರ್ಯ, ಸುರಕ್ಷತೆಗಳ ಏರ್ಪಾಟಿಗೆ ಕೊಡುವ ಮನ್ನಣೆ. "ಇಂದು ಇಳಿಯಬಹುದು" ಎಂಬ ಅಪ್ಪಣೆಯಲ್ಲ.

ಈ ಮೂರೂ ಗುರುತು ಕೂಡಿಬಂದ ಮೇಲೆಯೇ ನೀರಿನ ಯೋಚನೆ. ಆಗಲೂ ಪಾದ ನೆನೆಸಿದರೆ ಸಾಕು.

೮. ಪ್ರವಾಸವನ್ನು ಗೊತ್ತುಮಾಡಿಕೊಳ್ಳುವ ಕ್ರಮ

(ಅ) ಮನೆಯ ಕೆಲಸ ಮೊದಲು. ಕರಾವಳಿಯ ಎಚ್ಚರಿಕೆ ಬಂದಾಗ ನಮ್ಮ ಕಡೆಯೂ ಮಳೆ ಬರುವುದುಂಟು. ರಾಗಿ ಅರಿ ಹೊಲದಲ್ಲಿ ಬಿದ್ದಿರುವಾಗ ಹೊರಡಬೇಡಿ. ನೆನೆದ ತೆನೆ ಅಲ್ಲಿಯೇ ಮೊಳಕೆಯೊಡೆಯುತ್ತದೆ. ಎತ್ತರದ ಜಾಗದಲ್ಲಿ ಮೆದೆ ಒಟ್ಟಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಸುತ್ತ ಸಣ್ಣ ಕಾಲುವೆ ತೆಗೆದು, ದನಕರುಗಳಿಗೆ ಮೇವು ನೀರು ನೋಡುವವರನ್ನು ಗೊತ್ತುಮಾಡಿ ಹೊರಡಿರಿ.

(ಆ) ಬಸ್ಸಿನ ಮಾತುಕತೆ. ಮುಂಗಡ ಕೊಡುವಾಗಲೇ, "ಚಂಡಮಾರುತದ ಎಚ್ಚರಿಕೆ ಬಂದರೆ ದಿನ ಮುಂದಕ್ಕೆ ಹಾಕುತ್ತೇವೆ, ಮುಂಗಡ ಮುರಿಯಕೂಡದು" ಎಂದು ಮಾತಾಡಿ ರಸೀತಿಯಲ್ಲಿ ಬರೆಸಿಕೊಳ್ಳಿ. ಮುಂಗಡ ಹೋದೀತೆಂಬ ಭಯದಿಂದಲೇ ಹಲವರು ಹೊರಡಬಾರದ ದಿನ ಹೊರಡುತ್ತಾರೆ. ಮುಂಗಡಕ್ಕಿಂತ ಜೀವ ದೊಡ್ಡದು.

(ಇ) ಘಟ್ಟದ ದಾರಿ. ಕಡಲು ದೂರದಲ್ಲಿದ್ದರೂ ಅಪಾಯ ಘಟ್ಟದಲ್ಲಿಯೇ ಆರಂಭವಾಗುತ್ತದೆ. ಹಾಸನ, ಸಕಲೇಶಪುರದ ಮೇಲೆ ಹೋಗುವವರಿಗೆ ಶಿರಾಡಿ. ಮೈಸೂರು ರಸ್ತೆ ಹಿಡಿದು ಮಡಿಕೇರಿಯ ಮೇಲೆ ಹೋಗುವವರಿಗೆ ಸಂಪಾಜೆ. ೨೦೧೮ರ ಆಗಸ್ಟಿನಲ್ಲಿ ಎರಡು ಕಡೆಯೂ ಗುಡ್ಡ ಕುಸಿದು ದಾರಿ ಮುಚ್ಚಿತ್ತು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಬಿದ್ದು ಹಲವು ಜೀವಗಳು ಹೋದವು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ, ಸುಬ್ರಹ್ಮಣ್ಯಗಳ ನಡುವೆ ರೈಲು ದಾರಿಯೂ ಕುಸಿಯಿತು. ಇವೆಲ್ಲ ಮುಂಗಾರಿನ ಘಟನೆಗಳು. ಆದರೆ ನೀರು ಕುಡಿದ ಗುಡ್ಡ ಯಾವ ಕಾಲದಲ್ಲಿಯೂ ಒಂದೇ, ಅದೂ ಮಳೆ ನಿಂತ ಮೇಲೆ ಜಾರುವುದುಂಟು. ಹಗಲಿನಲ್ಲಿಯೇ ಘಟ್ಟ ದಾಟಿರಿ. ದಾರಿ ತೆರೆದಿದೆಯೇ ಎಂದು ಹೊರಡುವ ಮುಂಚೆ ಆಯಾ ಜಿಲ್ಲೆಯ ೧೦೭೭ ಸಹಾಯವಾಣಿಯಲ್ಲಿ ವಿಚಾರಿಸಬಹುದು.

(ಈ) ಕಡಲನ್ನು ಕೊನೆಗೆ ಇಡಿ. ಮೂರು ದಿನದ ಪ್ರವಾಸವಾದರೆ ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಧರ್ಮಸ್ಥಳಗಳನ್ನು ಮೊದಲು ನೋಡಿ ಕಡಲನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಎರಡು ದಿನ ಹೆಚ್ಚು ಸಿಕ್ಕಿದ್ದರಿಂದ ಕಡಲಿಗೆ ಹದ ಬರಬಹುದು. ಬಾರದಿದ್ದರೂ ಪ್ರವಾಸ ಕೆಡುವುದಿಲ್ಲ.

(ಉ) ತೀರ ಮುಚ್ಚಿದ್ದರೆ ನೋಡುವುದಕ್ಕೆ ಬೇರೆ ಇದೆ. ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಕಾಸರಗೋಡಿನಲ್ಲಿ ೧೯೧೬ರಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರ ಇಂದು ತೋಟದ ಬೆಳೆಗಳ ದೊಡ್ಡ ಸಂಸ್ಥೆಯಾಗಿದೆ. ಕುಮಟೆಯ ಕಡೆ ಅಘನಾಶಿನಿ ಹೊಳೆಯ ಗಜನಿ 'ಭೂಮಿಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ "ಕಗ್ಗ" ಎಂಬ ಭತ್ತವಿದೆ. ಕಡಲಿನ ಪಕ್ಕದಲ್ಲಿ ಬೇಸಾಯ ಮಾಡುವವರ ಜಾಣ್ಮೆಯನ್ನು ಕಣ್ಣಾರೆ ಕಂಡು ಬಂದರೆ ಅಲೆಯಲ್ಲಿ ಆಡಿದ್ದಕ್ಕಿಂತ ಹೆಚ್ಚಿನ ಲಾಭ. ಹೋಗುವ ಮುಂಚೆ ಕಾಗದ ಬರೆದು ಅಥವಾ ಫೋನು ಮಾಡಿ ಒಪ್ಪಿಗೆ ಪಡೆಯಿರಿ.

(ಊ) ಒಬ್ಬ ಹಿರಿಯನ ಮಾತು. ಹೊರಡುವ ಮುಂಚೆಯೇ ಗುಂಪಿಗೆ ಒಬ್ಬರನ್ನು ಮುಖಂಡರನ್ನಾಗಿ ಒಪ್ಪಿಕೊಳ್ಳಿ. ಅವರು "ಇಂದು ನೀರಿಗೆ ಬೇಡ" ಎಂದರೆ ಬೇಡ. ಕುಡಿದವರನ್ನು ನೀರಿನ ಹತ್ತಿರ ಬಿಡಕೂಡದು.

೯. ಕರಾವಳಿಯವರ ಕಷ್ಟ ನಮ್ಮ ತಮಾಷೆಯಾಗಬಾರದು

ಕೊನೆಯದಾಗಿ ಒಂದು ಮಾತು. ಅಕಾಲದ ಮಳೆಗೆ ನಮ್ಮ ರಾಗಿ ಮೆದೆ ತೊಯ್ದು ನಾವು ತಲೆಯ ಮೇಲೆ ಕೈಹೊತ್ತು ಕುಳಿತಾಗ ಯಾರೋ ಬಂದು ಅದರ ಮುಂದೆ ನಿಂತು ನಗುತ್ತ ಚಿತ್ರ ತೆಗೆಸಿಕೊಂಡರೆ ನಮಗೆ ಹೇಗಾಗುತ್ತದೆ? ಅಲೆಗೆ ಗೋಡೆ ಕಳೆದುಕೊಂಡ ಮನೆಯವರಿಗೂ, ದೋಣಿ ಮುರಿದ ಬೆಸ್ತರಿಗೂ, ಬಾವಿಗೆ ಉಪ್ಪುನೀರು ನುಗ್ಗಿದ ತೆಂಗಿನ ತೋಟದವರಿಗೂ ಹಾಗೆಯೇ ಆಗುತ್ತದೆ. ಅವರ ದಾರಿಗೆ ಅಡ್ಡವಾಗಬೇಡಿ. ಕುಡಿಯುವ ನೀರನ್ನು ಹೊತ್ತುಕೊಂಡೇ ಹೋಗಿ. ಕಡಲು ತಣಿದ ಮೇಲೆ ಹೋಗಿ ಅವರ ಅಂಗಡಿಯಲ್ಲಿ ಉಂಡು, ಅವರಿಂದ ಎಳನೀರು ಕೊಂಡು ಬಂದರೆ ಅದೇ ನಾವು ಮಾಡುವ ಸಹಾಯ.

ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದಾರೆ. ಕಡಲು ಎಲ್ಲಿಗೂ ಹೋಗುವುದಿಲ್ಲ. ಈ ವಾರವಲ್ಲದಿದ್ದರೆ ಮುಂದಿನ ವಾರ, ಈ ವರ್ಷವಲ್ಲದಿದ್ದರೆ ಬರುವ ವರ್ಷ. ಹೋದವರೆಲ್ಲರೂ ಮನೆಗೆ ಬರಬೇಕು. ಅದೇ ಒಳ್ಳೆಯ ಪ್ರವಾಸ.

ಯುವಕ ಮಂಡಲ, ಮಹಿಳಾ ಸಮಾಜಗಳ ಚರ್ಚೆಗೆ ಪ್ರಶ್ನೆಗಳು

೧. ಗಾಳಿ ನಿಂತ ಮೇಲೂ ಕಡಲಿನಲ್ಲಿ ದೊಡ್ಡ ಅಲೆಗಳು ಬರಲು ಕಾರಣವೇನು?

೨. ಸೆಳವನ್ನು ದಡದಿಂದ ಗುರುತಿಸುವುದು ಹೇಗೆ? ಅದಕ್ಕೆ ಸಿಕ್ಕಿದವನು ಯಾವ ಕಡೆಗೆ ಈಜಬೇಕು?

೩. ಕಡಲಿಗೆ ಹದ ಬಂದಿದೆಯೆಂದು ತಿಳಿಸುವ ಮೂರು ಗುರುತುಗಳು ಯಾವುವು?

೪. ನಿಮ್ಮ ಊರಿನ ಮುಂದಿನ ಪ್ರವಾಸದಲ್ಲಿ ಕಡಲನ್ನು ಯಾವ ದಿನಕ್ಕೆ ಇಡುವಿರಿ? ಏಕೆ?

— ನಿಮ್ಮ ಗ್ರಾಮಸೇವಕ